ಊಟ ಯಾರು ಹಾಕ್ತಾರೆ?

2023ರ ನವೆಂಬರ್‌ನ ಒಂದು ಸಂಜೆ. ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಕಂಪನಿ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಕೂತಿದ್ದೆ. ಲಂಡನ್ನಿನಿಂದ ಅಕ್ಕನ ಮಗಳ ಫೋನು. ಅವಳು ಅಲ್ಲಿಗೆ ಎಂ.ಎ. ಓದೋಕೆ ಹೋಗಿ ಎರಡು ತಿಂಗಳಾಗಿತ್ತು. ವಿಷಯ ರಾಜ್ಯಶಾಸ್ತ್ರ. ಮನೆಯಲ್ಲಿ ಎಲ್ಲರೂ ಅವಳನ್ನ ಪುಟ್ಟಿ ಅಂತಲೇ ಕರೆಯೋದು.

"ಮಾಮ, ನಂಗೆ ಪಾರ್ಲಿಮೆಂಟಲ್ಲಿ ಇಂಟರ್ನ್‌ಶಿಪ್ ಸಿಕ್ತು! ಒಬ್ಬರು ಎಂ.ಪಿ. ಆಫೀಸಲ್ಲಿ. ಜನವರಿಯಿಂದ ಜೂನ್‌ವರೆಗೆ, ವಾರಕ್ಕೆ ಮೂರು ದಿನ."

"ಎಷ್ಟು ಕೊಡ್ತಾರೆ?"

ನನ್ನ ಬಾಯಿಂದ ಮೊದಲು ಬಂದ ಮಾತು ಇದೇ. ಒಂದು ಶಭಾಶ್ ಕೂಡ ಇಲ್ಲ. ಐ.ಟಿ.ಯಲ್ಲಿ ಹದಿಮೂರು ವರ್ಷ ಕಳೆದವನಿಗೆ ಇಂಟರ್ನ್‌ಶಿಪ್ ಅಂದ ತಕ್ಷಣ ಸ್ಟೈಪೆಂಡೇ ನೆನಪಾಗೋದು.

"ಸಂಬಳ ಇಲ್ಲ ಮಾಮ. ಟ್ಯೂಬ್ ಚಾರ್ಜು, ಮಧ್ಯಾಹ್ನದ ಊಟದ ಖರ್ಚು ಕೊಡ್ತಾರೆ. ಇದು ಕೋರ್ಸಿನ ಭಾಗ, ಮಾರ್ಕ್ಸ್ ಇದೆ."

"ಅಂದ್ರೆ ಬಿಟ್ಟಿ."

ಆಮೇಲೆ ಅವಳು ನಿಧಾನಕ್ಕೆ ವಿಷಯಕ್ಕೆ ಬಂದಳು. ಒಂದು ಕೆಫೆಯಲ್ಲಿ ಪಾರ್ಟ್ ಟೈಮ್ ಕೆಲಸ ಮಾಡ್ತಿದ್ದಳು. ಸ್ಟೂಡೆಂಟ್ ವೀಸಾದವರು ಕಾಲೇಜು ನಡೆಯೋ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಪಾರ್ಲಿಮೆಂಟಿಗೆ ಮೂರು ದಿನ, ಕ್ಲಾಸಿಗೆ ಎರಡು ದಿನ ಹೋದರೆ ಕೆಫೆಗೆ ಉಳಿಯೋದು ಶನಿವಾರ, ಭಾನುವಾರ. ರೂಮಿನ ಬಾಡಿಗೆಗೆ ತಿಂಗಳಿಗೆ 300 ಪೌಂಡ್ ಕಮ್ಮಿ ಬೀಳುತ್ತೆ. "ಆರು ತಿಂಗಳು ಸ್ವಲ್ಪ ಹೆಲ್ಪ್ ಮಾಡ್ತೀಯಾ ಮಾಮ? ಕೆಲಸ ಸಿಕ್ಕಿದ ಮೇಲೆ ವಾಪಸ್ ಕೊಡ್ತೀನಿ."

ಮೂವತ್ತು ಸಾವಿರದ ಚಿಲ್ಲರೆ. ಅದು ನನ್ನ ಕೈಲಿ ಆಗದ ಮೊತ್ತ ಆಗಿರಲಿಲ್ಲ. ಫ್ಲ್ಯಾಟಿನ ಇ.ಎಂ.ಐ. ಇದೆ, ಮಗಳ ಸ್ಕೂಲ್ ಫೀಸ್ ಇದೆ, ಆದರೂ ಆಗುತ್ತಿತ್ತು. ಆದರೆ ನಾನು ಹೇಳಿದ್ದು ಬೇರೆ.

"ರಾಜಕೀಯದವರ ಹಿಂದೆ ಬಿಟ್ಟಿ ತಿರುಗೋಕೆ ಲಂಡನ್ನಿಗೆ ಹೋಗ್ಬೇಕಿತ್ತಾ ಪುಟ್ಟಿ? ಅದನ್ನ ನಿಮ್ಮ ತಾತ ತಿಪಟೂರಲ್ಲೇ ಮಾಡಿದ್ರಲ್ಲ."

ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. "ಆಯ್ತು ಮಾಮ, ಬಿಡು," ಅಂದು ಫೋನಿಟ್ಟಳು. ಬಸ್ಸು ಇನ್ನೂ ಅದೇ ಫ್ಲೈಓವರ್ ಕೆಳಗೇ ನಿಂತಿತ್ತು.

ಈ ಮಾತು ನನ್ನ ಬಾಯಲ್ಲಿ ಯಾಕೆ ಬಂತು ಅನ್ನೋದನ್ನ ಹೇಳಬೇಕು.

ನಮ್ಮದು ತಿಪಟೂರಿನ ಹತ್ತಿರದ ಒಂದು ಹಳ್ಳಿ. ತೆಂಗು, ಕೊಬ್ಬರಿ, ರಾಗಿ. ನನಗೆ ಬುದ್ಧಿ ಬಂದಾಗಿನಿಂದ ಅಪ್ಪ ಬೆಳಿಗ್ಗೆ ಏಳು ಗಂಟೆಗೆ ಬಿಳಿ ಅಂಗಿ ಹಾಕಿಕೊಂಡು, ಕಂಕುಳಲ್ಲಿ ಒಂದು ರೆಕ್ಸಿನ್ ಬ್ಯಾಗು ಇಟ್ಟುಕೊಂಡು ಹೊರಟರೆ ರಾತ್ರಿಯ ಕೊನೆ ಬಸ್ಸಿಗೇ ಬರುತ್ತಿದ್ದಿದ್ದು. ತೋಟಕ್ಕೆ ಹೋಗುತ್ತಿದ್ದರು ಅಂದುಕೊಳ್ಳಬೇಡಿ. ಹೋಗುತ್ತಿದ್ದಿದ್ದು ಒಬ್ಬ ಲೀಡರ್ ಮನೆ ಜಗಲಿಗೆ, ಅಲ್ಲಿಂದ ತಾಲ್ಲೂಕು ಆಫೀಸಿಗೆ. ಯಾರದೋ ವಿಧವಾ ವೇತನ, ಇನ್ಯಾರದೋ ಖಾತೆ ಬದಲಾವಣೆ, ಪಹಣಿಯಲ್ಲಿ ತಪ್ಪಾದ ಹೆಸರು, ಸುಟ್ಟುಹೋದ ಟ್ರಾನ್ಸ್‌ಫಾರ್ಮರ್ರು. ಅರ್ಜಿ ಬರೆಯೋದು, ಲೀಡರ್ ಹತ್ತಿರ ಶಿಫಾರಸು ಬರೆಸೋದು, ಗುಮಾಸ್ತರ ಟೇಬಲ್ಲಿನ ಮುಂದೆ ನಿಲ್ಲೋದು. "ಕೇಸ್ ವರ್ಕರ್ ಇಲ್ಲ, ನಾಳೆ ಬನ್ನಿ" ಅನ್ನೋ ಮಾತನ್ನ ಅಪ್ಪ ಎಷ್ಟು ಸಾವಿರ ಸಲ ಕೇಳಿದ್ದರೋ. ಈ ಕೆಲಸಕ್ಕೆ ಅಪ್ಪ ಯಾರ ಹತ್ತಿರವೂ ಒಂದು ಪೈಸೆ ತಗೊಳ್ಳಲಿಲ್ಲ. ಅದು ಅವರ ಹೆಮ್ಮೆ.

ಹದಿನೈದು ವರ್ಷ ಹೀಗೆ ಓಡಾಡಿದ ಮೇಲೆ 2000ನೇ ಇಸವಿಯಲ್ಲಿ ತಾಲ್ಲೂಕು ಪಂಚಾಯ್ತಿ ಚುನಾವಣೆ ಬಂತು. ಟಿಕೆಟ್ ತನಗೇ ಅಂತ ಅಪ್ಪ ನಂಬಿದ್ದರು. ಲೀಡರ್ ತನ್ನ ಬಾಮೈದನಿಗೆ ಕೊಡಿಸಿದ. ಅಪ್ಪ ಹಟಕ್ಕೆ ಬಿದ್ದು ಪಕ್ಷೇತರರಾಗಿ ನಿಂತರು. ತೋಟದಲ್ಲಿ ಒಂದೂವರೆ ಎಕರೆ ಹೋಯಿತು, ಚುನಾವಣೆಯೂ ಹೋಯಿತು. ಆವತ್ತಿನಿಂದ ನಮ್ಮ ಮನೆಯಲ್ಲಿ ರಾಜಕೀಯ ಅನ್ನೋದು ಅಮ್ಮನ ಎದುರಿಗೆ ಆಡಬಾರದ ಮಾತು. ನಾನು ಬಿ.ಇ. ಓದಿದ್ದು ಅಮ್ಮ ಡೇರಿಗೆ ಹಾಕಿದ ಹಾಲಿನ ದುಡ್ಡಲ್ಲಿ. ಕೆಲಸ ಸಿಕ್ಕಿದ ದಿನ ನನ್ನ ಮನಸ್ಸಿನಲ್ಲಿ ಇದ್ದಿದ್ದು ಒಂದೇ: ಯಾರ ಜಗಲಿಯಲ್ಲೂ ಕಾಯಬೇಕಾಗಿಲ್ಲ.

ಹಾಗಿದ್ದ ಮನೆಯ ಮೊಮ್ಮಗಳು ಈಗ ಇನ್ನೊಂದು ದೇಶದ ಲೀಡರ್ ಜಗಲಿಗೆ ಸಂಬಳ ಇಲ್ಲದೆ ಹೊರಟಿದ್ದಳು. ನಂಗೆ ಹೊಟ್ಟೆ ಉರಿಯದೆ ಇನ್ನೇನು?

ಪುಟ್ಟಿ ಜನವರಿಯಲ್ಲಿ ಸೇರಿದಳು. ದುಡ್ಡು ಹೇಗೆ ಹೊಂದಿಸಿದಳು ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆದರೆ ಭಾನುವಾರದ ಫೋನು ಮಾತ್ರ ತಪ್ಪಿಸಲಿಲ್ಲ. ಮೊದಮೊದಲು ಸುಮ್ಮನೆ ಹೂಂ ಅನ್ನುತ್ತಿದ್ದವನು ಬರ್ತಾ ಬರ್ತಾ ನಾನೇ ಪ್ರಶ್ನೆ ಕೇಳತೊಡಗಿದೆ.

ಪಾರ್ಲಿಮೆಂಟ್ ಇಂಟರ್ನ್ ಅಂದರೆ ಭಾಷಣ ಬರೆಯೋದು, ಮಂತ್ರಿಗಳ ಪಕ್ಕ ಕೂರೋದು ಅಂತ ನನ್ನ ಕಲ್ಪನೆ. ಅವಳ ಕೆಲಸ ಅದಲ್ಲ. ಬೆಳಿಗ್ಗೆ ಬಂದು ಇ-ಮೇಲ್ ಡಬ್ಬ ತೆಗೆಯೋದು. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ 650 ಜನ ಸಂಸದರು. ಒಬ್ಬೊಬ್ಬರ ಆಫೀಸಿನಲ್ಲಿ ಕೆಲಸದವರು ಬೆರಳೆಣಿಕೆಯಷ್ಟು. ಬರೋ ಪತ್ರಗಳು ಮಾತ್ರ ರಾಶಿ ರಾಶಿ. ಪತ್ರ ಬಂದ ತಕ್ಷಣ ಅವಳು ಮೊದಲು ನೋಡಬೇಕಾದದ್ದು ಬರೆದವರ ಪೋಸ್ಟ್‌ಕೋಡ್. ಒಬ್ಬ ಸಂಸದ ಇನ್ನೊಬ್ಬ ಸಂಸದನ ಕ್ಷೇತ್ರದವರ ಸಮಸ್ಯೆಗೆ ಕೈ ಹಾಕಬಾರದು ಅನ್ನೋದು ಅಲ್ಲಿನ ಗಟ್ಟಿ ಸಂಪ್ರದಾಯ. ವಿಳಾಸ ನಮ್ಮ ಕ್ಷೇತ್ರದ್ದಲ್ಲದಿದ್ದರೆ, ನಿಮ್ಮ ಎಂ.ಪಿ. ಇಂಥವರು, ಅವರಿಗೆ ಬರೆಯಿರಿ ಅಂತ ಮರ್ಯಾದೆಯಾಗಿ ತಿಳಿಸಬೇಕು. "ಇನ್‌ಪುಟ್ ವ್ಯಾಲಿಡೇಷನ್ ಕಣೇ ಇದು" ಅಂದೆ. "ನಿಂಗೆ ಎಲ್ಲಾ ಕಂಪ್ಯೂಟರೇ" ಅಂತ ನಕ್ಕಳು. ನವೆಂಬರ್ ಆದ ಮೇಲೆ ಅವಳು ನನ್ನ ಜೊತೆ ನಕ್ಕಿದ್ದು ಅದೇ ಮೊದಲು.

ಸದನದಲ್ಲಿ ಮತಕ್ಕೆ ಹಾಕಿದಾಗ ಕಟ್ಟಡದ ತುಂಬಾ ಗಂಟೆ ಹೊಡೆಯುತ್ತದೆ. ಆಮೇಲೆ ಎಂಟೇ ನಿಮಿಷ. ಅಷ್ಟರಲ್ಲಿ ಸಂಸದರು ಎಲ್ಲಿದ್ದರೂ ಓಡಿಬಂದು ಲಾಬಿಯೊಳಗೆ ಸೇರಬೇಕು, ಆಮೇಲೆ ಬಾಗಿಲು ಹಾಕುತ್ತಾರೆ. ಪೋರ್ಟ್‌ಕಲ್ಲಿಸ್ ಹೌಸ್ ಅನ್ನೋ ಹೊಸ ಕಟ್ಟಡದ ಗಾಜಿನ ಮಾಡಿನ ಕೆಳಗೆ ಕಾಫಿ ಕುಡೀತಾ ಕೂತ ದೊಡ್ಡ ದೊಡ್ಡವರೆಲ್ಲ ಗಂಟೆ ಕೇಳಿ ಲಗುಬಗೆಯಿಂದ ಏಳೋದನ್ನ ನೋಡಿದರೆ ಸ್ಕೂಲ್ ಬೆಲ್ ನೆನಪಾಗುತ್ತೆ ಅನ್ನುತ್ತಿದ್ದಳು. ಫೆಬ್ರವರಿ 21ರಂದು ಗಾಜಾ ಕದನವಿರಾಮದ ನಿರ್ಣಯದ ಮೇಲೆ ಸದನದಲ್ಲಿ ದೊಡ್ಡ ಗದ್ದಲ ಆಯಿತಲ್ಲ, ಆ ವಾರವೆಲ್ಲ ಅವಳು ಇ-ಮೇಲ್‌ಗಳ ಮಧ್ಯೆ ಮುಳುಗಿಹೋಗಿದ್ದಳು. ಎಷ್ಟೋ ಪತ್ರಗಳು ಒಂದೇ ಒಕ್ಕಣೆಯವು, ಹೆಸರು ಮಾತ್ರ ಬೇರೆ. ನಡುವೆ ಯಾರೋ ಒಬ್ಬರು ತಮ್ಮದೇ ಮಾತಿನಲ್ಲಿ ಬರೆದಿರುತ್ತಾರೆ. ಆ ಒಂದನ್ನ ಹುಡುಕಿ ಬೇರೆ ಇಡೋದು ಇಂಟರ್ನ್ ಕೆಲಸ.

ಒಂದು ಭಾನುವಾರ ಅವಳು ಹೇಳಿದ ವಿಷಯ ಕೇಳಿ ನಾನು ಸುಮ್ಮನಾಗಿಬಿಟ್ಟೆ. ವೆಸ್ಟ್‌ಮಿನ್‌ಸ್ಟರ್ ಅರಮನೆಯ ನಡುಮಧ್ಯೆ ಸೆಂಟ್ರಲ್ ಲಾಬಿ ಅಂತ ಒಂದು ದೊಡ್ಡ ಹಜಾರ. ಯಾವ ಮತದಾರ ಬೇಕಾದರೂ ಸೆಕ್ಯುರಿಟಿ ತಪಾಸಣೆ ಮುಗಿಸಿ ಅಲ್ಲಿಗೆ ಹೋಗಿ, ನಮ್ಮ ಎಂ.ಪಿ.ಯನ್ನ ನೋಡಬೇಕು ಅಂತ ಒಂದು ಹಸಿರು ಚೀಟಿ ತುಂಬಿ ಕೊಡಬಹುದು. ಚೀಟಿ ಒಳಗೆ ಹೋಗುತ್ತದೆ. ಎಂ.ಪಿ. ಸಿಕ್ಕರೆ ಹೊರಗೆ ಬಂದು ಮಾತಾಡುತ್ತಾರೆ. ಸಿಗದಿದ್ದರೆ ಚೀಟಿ ಅವರ ಕೈಗೆ ಆಮೇಲೆ ತಲುಪುತ್ತದೆ.

ನಾನು 2019ರಲ್ಲಿ ಪ್ರಾಜೆಕ್ಟ್ ಕೆಲಸಕ್ಕೆ ಅಂತ ಲಂಡನ್ ಪಕ್ಕದ ರೆಡಿಂಗ್‌ನಲ್ಲಿ ಮೂರು ತಿಂಗಳಿದ್ದೆ. ಪಾರ್ಲಿಮೆಂಟ್ ನೋಡೋಕೆ ಹೋಗಿದ್ದೆ ಕೂಡ. ಆಗ ಬಿಗ್ ಬೆನ್ ಗೋಪುರಕ್ಕೆ ರಿಪೇರಿ ನಡೆಯುತ್ತಿತ್ತು, ಸುತ್ತ ಕಬ್ಬಿಣದ ಸಾರವೆ ಕಟ್ಟಿ ಮುಚ್ಚಿದ್ದರು. ಥೇಮ್ಸ್ ದಾಟಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿರೋ ಬಸವಣ್ಣನ ಪ್ರತಿಮೆಗೆ ಕೈ ಮುಗಿದು, ಸೆಲ್ಫಿ ತಗೊಂಡು ವಾಪಸ್ ಬಂದೆ. ಒಳಗೆ ಹೋಗಬಹುದು ಅನ್ನೋದು ತಲೆಗೇ ಬರಲಿಲ್ಲ. ಇಂಥ ಕಟ್ಟಡಗಳನ್ನ ಹೊರಗಿನಿಂದಲೇ ನೋಡಬೇಕು ಅನ್ನೋದು ಚಿಕ್ಕಂದಿನಲ್ಲೇ ರಕ್ತಕ್ಕೆ ಇಳಿದುಬಿಟ್ಟಿರುತ್ತದೆ. ಆ ಪ್ರತಿಮೆ ಅಲ್ಲಿಗೆ ಬರೋದಕ್ಕೆ ಕಾರಣರಾದ ನೀರಜ್ ಪಾಟೀಲ್ ಕಲಬುರಗಿ ಕಡೆಯವರು, ಲ್ಯಾಂಬೆತ್‌ನ ಮೇಯರ್ ಆಗಿದ್ದವರು ಅನ್ನೋದೂ ನಂಗೆ ಗೊತ್ತಾಗಿದ್ದು ಆಮೇಲೆ.

ಮಾರ್ಚ್‌ನಲ್ಲಿ ಅವಳಿಗೆ ಹೊಸ ಕೆಲಸ ಕೊಟ್ಟರು. ಆಫೀಸಿನ ಕೇಸ್ ವರ್ಕರ್ ಹೆಂಗಸಿಗೆ ಸಹಾಯ ಮಾಡೋದು.

"ಏನು ವರ್ಕರ್?" ಅಂದೆ.

"ಕೇಸ್ ವರ್ಕರ್ ಮಾಮ. ಎಲ್ಲಾ ಎಂ.ಪಿ.ಗಳ ಹತ್ರಾನೂ ಇರ್ತಾರೆ. ಜನರ ಕಷ್ಟ ಕೇಳಿ ಕೌನ್ಸಿಲ್‌ಗೋ, ಹೋಮ್ ಆಫೀಸ್‌ಗೋ, ಪೆನ್ಷನ್ ಆಫೀಸ್‌ಗೋ ಎಂ.ಪಿ. ಪರವಾಗಿ ಪತ್ರ ಬರೆದು ಹಿಂದೆ ಬೀಳೋದು ಅವರ ಕೆಲಸ."

ನಮ್ಮಲ್ಲಿ ಕೇಸ್ ವರ್ಕರ್ ಅಂದರೆ ಫೈಲಿನ ಮೇಲೆ ಕೂರೋ ಗುಮಾಸ್ತರು. ಅಲ್ಲಿ ಅದೇ ಹೆಸರಿನವರು ಫೈಲ್ ಅಲುಗಾಡಿಸೋರು. ನಂಗೆ ನಗು ಬಂತು.

ಸಂಸದರು ಸಾಮಾನ್ಯವಾಗಿ ಶುಕ್ರವಾರ ಕ್ಷೇತ್ರಕ್ಕೆ ಹೋಗಿ ಜನರನ್ನ ನೋಡುತ್ತಾರೆ. ಅದಕ್ಕೆ ಅಲ್ಲಿ ಸರ್ಜರಿ ಅಂತಾರೆ. ಡಾಕ್ಟರ ಕ್ಲಿನಿಕ್ಕಿಗೂ ಅಲ್ಲಿ ಅದೇ ಹೆಸರು. ಲೈಬ್ರರಿಯಲ್ಲೋ, ಚರ್ಚಿನ ಹಾಲ್‌ನಲ್ಲೋ ಒಂದು ಮೇಜು ಹಾಕಿ ಕೂರೋದು. ಜನ ಒಬ್ಬೊಬ್ಬರಾಗಿ ಬಂದು ಹೇಳಿಕೊಳ್ಳೋದು. ಪುಟ್ಟಿ ಪಕ್ಕದಲ್ಲಿ ಕೂತು ಬರೆದುಕೊಳ್ಳೋದು. ಬರೋರಲ್ಲಿ ಹೆಚ್ಚಿನವರದು ಮನೆ, ವೀಸಾ, ಸರ್ಕಾರದ ಭತ್ಯೆ ಇವುಗಳದೇ ತೊಂದರೆ. ಬ್ರೆಕ್ಸಿಟ್ಟು, ಬಜೆಟ್ಟು ಅಂತ ಬರೋರು ಕಮ್ಮಿ.

ಒಬ್ಬ ಅಜ್ಜಿ ಇದ್ದರಂತೆ. ಕೌನ್ಸಿಲ್ ಮನೆಯ ಗೋಡೆಗೆಲ್ಲ ತೇವ ಏರಿ ಬೂಷ್ಟು. ಉಬ್ಬಸ. ಕೌನ್ಸಿಲ್‌ಗೆ ಹೇಳಿ ಹೇಳಿ ಸಾಕಾಗಿತ್ತು. ವಾರವಾರವೂ ಆಫೀಸಿಗೆ ಫೋನ್ ಮಾಡೋರು, ಪುಟ್ಟಿ ಎತ್ತಿಕೊಳ್ಳೋಳು. ಇಂಗ್ಲೆಂಡಿನಲ್ಲಿ ಬೂಷ್ಟು ಅಂದರೆ ಸಣ್ಣ ವಿಷಯ ಅಲ್ಲ. ರಾಚ್‌ಡೇಲ್ ಅನ್ನೋ ಊರಲ್ಲಿ 2020ರಲ್ಲಿ ಅವಾಬ್ ಇಶಾಕ್ ಅನ್ನೋ ಎರಡು ವರ್ಷದ ಮಗು ಇಂಥದೇ ಬಾಡಿಗೆ ಮನೆಯ ಬೂಷ್ಟಿನಿಂದ ಸತ್ತುಹೋಯಿತು. ಅಪ್ಪ ಅಮ್ಮ ದೂರು ಕೊಟ್ಟೇ ಇದ್ದರು. 2023ರಲ್ಲಿ ಆ ಮಗುವಿನ ಹೆಸರಲ್ಲೇ ಕಾನೂನು ಮಾಡಿದರು. ಪುಟ್ಟಿ ಆ ಕಾನೂನು ಓದಿಕೊಂಡು, ಅಜ್ಜಿ ಹಿಂದೆ ಕೊಟ್ಟ ದೂರುಗಳ ತಾರೀಖೆಲ್ಲ ಜೋಡಿಸಿ ಒಂದು ಪತ್ರದ ಕರಡು ಮಾಡಿದಳು. ಕೇಸ್ ವರ್ಕರ್ ತಿದ್ದಿದರು. ಕೋಟೆ ಬಾಗಿಲಿನ ಚಿಹ್ನೆ ಇರೋ ಕಾಮನ್ಸ್‌ನ ಕಾಗದದ ಮೇಲೆ ಎಂ.ಪಿ. ಸಹಿ ಬಿತ್ತು. ಮೂರು ವಾರಕ್ಕೆ ರಿಪೇರಿಯವರು ಬಂದರು.

"ಮಾಮ," ಅಂದಳು, "ತಾತ ಮಾಡ್ತಿದ್ದಿದ್ದೂ ಇದೇ ಅಲ್ವಾ?"

ನಾನು ಏನೂ ಹೇಳಲಿಲ್ಲ. ನವೆಂಬರ್‌ನಲ್ಲಿ ನಾನು ಆಡಿದ ಅದೇ ಮಾತು. ನಾನು ಬೈಗುಳದ ಹಾಗೆ ಎಸೆದಿದ್ದನ್ನ ಅವಳು ಎತ್ತಿ, ಒರೆಸಿ ವಾಪಸ್ ಕೊಟ್ಟಿದ್ದಳು.

ಆದರೆ ನಂಗೆ ಇನ್ನೊಂದು ಮಾತು ಬಾಕಿ ಇತ್ತು. ಅದು ಬಂದಿದ್ದು ಅಮ್ಮನಿಂದ.

ಏಪ್ರಿಲ್ 9, ಯುಗಾದಿ. ಊರಿಗೆ ಹೋಗಿದ್ದೆ. ಹೋಳಿಗೆ ಊಟ ಆದಮೇಲೆ ವೀಡಿಯೋ ಕಾಲ್‌ನಲ್ಲಿ ಪುಟ್ಟಿಯನ್ನ ಹಿಡಿದೆವು. ಅಪ್ಪನಿಗೆ ಈಗ 71. ಮೊಮ್ಮಗಳ ಕೆಲಸದ ಬಗ್ಗೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಅರ್ಜಿ ಕೊಟ್ಟರೆ ಸ್ವೀಕೃತಿ ಕೊಡ್ತಾರೇನಮ್ಮ?" ಪ್ರತಿ ಕೇಸಿಗೂ ಒಂದು ನಂಬರ್ ಇರುತ್ತೆ ತಾತ, ಕಂಪ್ಯೂಟರಲ್ಲಿ ಯಾವತ್ತು ಏನಾಯ್ತು ಅಂತ ಎಲ್ಲಾ ಇರುತ್ತೆ ಅಂದಳು. ಅಪ್ಪ ತುಂಬಾ ಹೊತ್ತು ತಲೆ ಆಡಿಸಿದರು. ಸ್ವೀಕೃತಿ ಕೊಡದೆ ಕಳೆದುಹೋದ ಅರ್ಜಿಗಳೆಲ್ಲ ನೆನಪಾಗಿರಬೇಕು.

ಅಮ್ಮ ಫೋನ್ ಕಸಿದುಕೊಂಡಳು. "ಸಂಬಳ ಕೊಡಲ್ಲ ಅಂದ್ರಂತಲ್ಲ. ಊಟ ಯಾರು ಹಾಕ್ತಾರೆ?"

"ನಾನೇ ಮಾಡ್ಕೋತೀನಿ ಅಜ್ಜಿ."

"ಮಾಡ್ಕೊಳ್ಳೋಕೆ ಅಕ್ಕಿ ಬೇಕಲ್ಲವ್ವ."

ಪುಟ್ಟಿ ನಕ್ಕು ಮಾತು ತೇಲಿಸಿದಳು. ಫೋನಿಟ್ಟ ಮೇಲೆ ಅಮ್ಮ ನನ್ನ ಕಡೆ ತಿರುಗಿದಳು. "ನಿಮ್ಮಪ್ಪ ಬಿಟ್ಟಿ ಓಡಾಡ್ತಿದ್ದಾಗ ನಾನು ಹಾಕ್ದೆ. ಇವಳಿಗೆ ಯಾರು ಹಾಕ್ತಿರೋದು ಅಂತ ನಿಂಗೆ ಗೊತ್ತಾ? ನಿಮ್ಮಕ್ಕ ಎರಡು ಬಳೆ ಅಡ ಇಟ್ಟಿದಾಳೆ."

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಕ ಒಳಗೆ ಹೋದಳು. ಕೈ ನೋಡಿದೆ. ಬಳೆ ಜಾಗದಲ್ಲಿ ಗಾಜಿನವು.

ಅವತ್ತು ರಾತ್ರಿ ಪುಟ್ಟಿಯ ಅಕೌಂಟಿಗೆ ದುಡ್ಡು ಹಾಕಿದೆ. ಇದನ್ನ ದೊಡ್ಡತನ ಅಂತ ಹೇಳ್ತಿಲ್ಲ. ಐದು ತಿಂಗಳು ತಡವಾಗಿ, ಅಮ್ಮನ ಕೈಲಿ ಅನ್ನಿಸಿಕೊಂಡ ಮೇಲೆ ಹಾಕಿದ್ದು.

ಆಮೇಲೆ ನಾನು ಈ ವಿಷಯ ಸ್ವಲ್ಪ ಹುಡುಕಿ ಓದಿದೆ. ಬ್ರಿಟನ್ನಿನ ಕಾನೂನಿನ ಪ್ರಕಾರ, ಓದಿನ ಭಾಗವಾಗಿ ಮಾಡೋ, ಒಂದು ವರ್ಷ ಮೀರದ ಕೆಲಸಕ್ಕೆ ಕನಿಷ್ಠ ವೇತನ ಕೊಡಬೇಕಾಗಿಲ್ಲ. 2024ರ ಏಪ್ರಿಲ್‌ನಲ್ಲಿ ಅಲ್ಲಿ 21 ವರ್ಷ ತುಂಬಿದವರ ಕನಿಷ್ಠ ವೇತನ ಗಂಟೆಗೆ 11.44 ಪೌಂಡ್. ಕೆಫೆಯಲ್ಲಿ ಲೋಟ ತೊಳೆದರೆ ಅದು ಸಿಗುತ್ತಿತ್ತು, ಪಾರ್ಲಿಮೆಂಟಿನಲ್ಲಿ ಪತ್ರ ಬರೆದರೆ ಸೊನ್ನೆ. ಇಲ್ಲಿ ಮೋಸ ಯಾರದೂ ಇಲ್ಲ. ವಿದ್ಯಾರ್ಥಿ ಕಲಿಯೋಕೆ ಬಂದಿದ್ದಾನೆ ಅನ್ನೋದು ಲೆಕ್ಕ. ಅದೂ ನಿಜವೇ. ಆದರೆ ಕಲಿಯುವಾಗಲೂ ಹೊಟ್ಟೆ ಹಸಿಯುತ್ತದೆ, ಬಾಡಿಗೆ ಕಟ್ಟಬೇಕಾಗುತ್ತದೆ.

ಅಮೆರಿಕದ್ದೂ ಇದೇ ಕಥೆ. ವಾಷಿಂಗ್ಟನ್ನಿನ ಕಾಂಗ್ರೆಸ್ ಸದಸ್ಯರ ಆಫೀಸುಗಳಲ್ಲಿ ಫೋನ್ ಎತ್ತೋರು, ಪತ್ರ ಒಡೆಯೋರು, ಊರಿನಿಂದ ಬಂದವರಿಗೆ ಕ್ಯಾಪಿಟಲ್ ತೋರಿಸೋರು ಹೆಚ್ಚಾಗಿ ಕಾಲೇಜು ಹುಡುಗ ಹುಡುಗಿಯರು. ತುಂಬಾ ವರ್ಷ ಅವರಲ್ಲಿ ಬಹಳ ಜನಕ್ಕೆ ಸಂಬಳವೇ ಇರಲಿಲ್ಲ. ಇಂಟರ್ನ್‌ಗಳಿಗೇ ಅಂತ ಕಾಂಗ್ರೆಸ್ ದುಡ್ಡು ತೆಗೆದಿಟ್ಟಿದ್ದು 2018ರಲ್ಲಿ. ಶ್ವೇತಭವನ ತನ್ನ ಇಂಟರ್ನ್‌ಗಳಿಗೆ ಸಂಬಳ ಶುರು ಮಾಡಿದ್ದು 2022ರಲ್ಲಿ, ವಾರಕ್ಕೆ 750 ಡಾಲರ್. ಅಲ್ಲಿಯವರೆಗೆ, ಪ್ರಪಂಚದ ಅತಿ ದೊಡ್ಡ ಆಫೀಸಿನಲ್ಲಿ ಕೆಲಸ ಕಲಿಯಬೇಕು ಅಂದರೆ ಅಪ್ಪನ ಜೇಬು ದಪ್ಪ ಇರಬೇಕಿತ್ತು, ಇಲ್ಲಾ ಕಾಲೇಜು ಏನಾದರೂ ಕೊಡಬೇಕಿತ್ತು.

ಇದರಲ್ಲಿ ಏನು ಮಹಾ, ಆರು ತಿಂಗಳ ವಿಷಯ ಅನ್ನಬಹುದು ನೀವು. ಆರು ತಿಂಗಳಲ್ಲ. ಅದು ಏಣಿಯ ಮೊದಲನೇ ಮೆಟ್ಟಿಲು. ಇಂಟರ್ನ್ ಆದವರು ಸಂಸದರ ಸಹಾಯಕರಾಗ್ತಾರೆ, ಆಮೇಲೆ ಮಂತ್ರಿಯ ಸಲಹೆಗಾರರು, ಆಮೇಲೆ ಕೆಲವರು ತಾವೇ ಚುನಾವಣೆಗೆ ನಿಲ್ಲುತ್ತಾರೆ. ಡೇವಿಡ್ ಕ್ಯಾಮರೂನ್ ಆಕ್ಸ್‌ಫರ್ಡ್ ಸೇರುವ ಮುಂಚೆ ಕೆಲವು ತಿಂಗಳು ಕೆಲಸ ಮಾಡಿದ್ದು ಸಂಸದರೊಬ್ಬರ ಹತ್ತಿರ. ಆ ಸಂಸದ ಅವರ ಗಾಡ್‌ಫಾದರ್, ಚರ್ಚಿನ ಪದ್ಧತಿಯಲ್ಲೂ ನಿಜವಾಗಿ ಗಾಡ್‌ಫಾದರ್. ನಮ್ಮ ಬೆಂಗಳೂರಿನ ಅಳಿಯ ರಿಷಿ ಸುನಕ್ ಆಕ್ಸ್‌ಫರ್ಡ್‌ನಲ್ಲಿ ಓದುವಾಗ ಕನ್ಸರ್ವೇಟಿವ್ ಪಕ್ಷದ ಕೇಂದ್ರ ಕಚೇರಿಯಲ್ಲಿ ಇಂಟರ್ನ್ ಆಗಿದ್ದವರು. ಇಬ್ಬರೂ ಪ್ರಧಾನಿಗಳಾದರು. ಅವರ ಯೋಗ್ಯತೆಯ ಬಗ್ಗೆ ನಂದೇನೂ ತಕರಾರಿಲ್ಲ. ಆದರೆ ಮೊದಲನೇ ಮೆಟ್ಟಿಲು ಬಿಟ್ಟಿ ಆಗಿದ್ದರೆ, ಅದನ್ನ ಹತ್ತೋಕೆ ಆಗೋದು ಊಟದ ಚಿಂತೆ ಇಲ್ಲದವರಿಗೆ ಮಾತ್ರ. ಹಸಿದವರ ಬಗ್ಗೆ ಕಾನೂನು ಮಾಡೋ ಜಾಗಕ್ಕೆ ಊಟದ ಚಿಂತೆ ಇಲ್ಲದವರೇ ಹೋಗಿ ಕೂರೋ ಹಾಗೆ ಆಗುತ್ತದೆ.

ಇದು ಅವರಿಗೂ ಗೊತ್ತು. 2011ರಲ್ಲಿ, ಜಾನ್ ಬರ್ಕೋ ಸ್ಪೀಕರ್ ಆಗಿದ್ದಾಗ, ಬಡ ಹಿನ್ನೆಲೆಯವರನ್ನ ಸಂಬಳ ಕೊಟ್ಟು ಸಂಸದರ ಆಫೀಸಿಗೆ ಸೇರಿಸೋ ಒಂದು ಯೋಜನೆ ಶುರುವಾಯಿತು. ಯುರೋಪಿಯನ್ ಪಾರ್ಲಿಮೆಂಟ್ ತನ್ನ ಐದು ತಿಂಗಳ ಷೂಮನ್ ಟ್ರೇನಿಗಳಿಗೆ ತಿಂಗಳ ಭತ್ಯೆ ಕೊಡುತ್ತದೆ. ನಮ್ಮಲ್ಲಿ ಪಿ.ಆರ್.ಎಸ್. ಸಂಸ್ಥೆ 2010ರಿಂದ ನಡೆಸ್ತಿರೋ ಲ್ಯಾಂಪ್ ಫೆಲೋಶಿಪ್ ಇದೆ. ಪದವಿ ಮುಗಿಸಿದ ಹುಡುಗರು ಸ್ಟೈಪೆಂಡ್ ತಗೊಂಡು ಒಬ್ಬ ಸಂಸದರ ಜೊತೆ ದೆಹಲಿಯಲ್ಲಿ ಕೆಲಸ ಮಾಡಬಹುದು. ಅಂದರೆ ಸಂಬಳ ಕೊಟ್ಟರೆ ರಾಜಕೀಯ ಹಾಳಾಗಿಹೋಗುತ್ತೆ ಅಂತೇನಿಲ್ಲ.

ಪುಟ್ಟಿಯನ್ನೂ ನಾನು ಬಡವರ ಮನೆ ಹುಡುಗಿ ಅಂತ ಹೇಳಲಾರೆ. ಭಾವ ಹೈಸ್ಕೂಲ್ ಮೇಷ್ಟ್ರು. ಎಜುಕೇಷನ್ ಲೋನ್ ಸಿಕ್ಕಿತು, ಅಡ ಇಡೋಕೆ ಬಳೆ ಇತ್ತು, ಬೆಂಗಳೂರಲ್ಲಿ ಒಬ್ಬ ಮಾಮ ಇದ್ದ. ನಮ್ಮೂರಿನ ಕೂಲಿಯವರ ಮನೆಯಲ್ಲಿ ಇವಳಿಗಿಂತ ಚುರುಕಾದ ಹುಡುಗಿ ಇದ್ದರೆ? ಇದ್ದಾಳೆ. ನಾನು ನೋಡಿದ್ದೀನಿ. ತಿಪಟೂರಿನಲ್ಲಿ ಬಟ್ಟೆ ಅಂಗಡಿಯಲ್ಲಿ ನಿಂತಿದ್ದಾಳೆ.

ಮೇ 22ರಂದು ಸುನಕ್ ತಮ್ಮ ಮನೆ ಮುಂದೆ, ಕೊಡೆ ಇಲ್ಲದೆ, ಮಳೆಯಲ್ಲಿ ನೆನೀತಾ ನಿಂತು ಚುನಾವಣೆ ಘೋಷಿಸಿದರು. ಮೇ 30ಕ್ಕೆ ಪಾರ್ಲಿಮೆಂಟ್ ವಿಸರ್ಜನೆ. ವಿಸರ್ಜನೆ ಆದ ಕ್ಷಣದಿಂದ ಯಾರೂ ಎಂ.ಪಿ. ಅಲ್ಲ. ಜೂನ್‌ವರೆಗೆ ಅಂತ ಇದ್ದ ಇಂಟರ್ನ್‌ಶಿಪ್ ಒಂದು ವಾರದಲ್ಲಿ ಮುಗಿದುಹೋಯಿತು. ಇಂಟರ್ನ್ ಆಗಿ ಶುರು ಮಾಡಿದ ಪ್ರಧಾನಿಯ ಕೈಯಲ್ಲೇ ನಮ್ಮ ಇಂಟರ್ನ್ ಕೆಲಸ ಕಳಕೊಂಡಳು ಅಂತ ತಮಾಷೆ ಮಾಡಿದೆ. ಅವಳು ನಗಲಿಲ್ಲ. ಆಫೀಸು ಖಾಲಿ ಮಾಡುತ್ತಾ ಇದ್ದಾಗಲೂ ಫೋನ್ ಬರುತ್ತಿತ್ತಂತೆ. ಹೊಸ ಕೇಸ್ ತಗೊಳ್ಳೋ ಹಾಗಿಲ್ಲ, ಚುನಾವಣೆ ಆದಮೇಲೆ ಮಾಡಿ ಅಂತ ಹೇಳಬೇಕಾಗಿತ್ತು. "ನಾಳೆ ಬನ್ನಿ ಅಂತ ನಾನೂ ಹೇಳಿಬಿಟ್ಟೆ ಮಾಮ."

ಜುಲೈ 4ರಂದು ಅವಳು ವೋಟು ಹಾಕಿದಳು. ಹೌದು, ಬ್ರಿಟನ್ನಿನಲ್ಲಿ. ಇದು ನಂಗೂ ಗೊತ್ತಿರಲಿಲ್ಲ. ಕಾಮನ್‌ವೆಲ್ತ್ ದೇಶದವರು ಸರಿಯಾದ ವೀಸಾದ ಮೇಲೆ ಅಲ್ಲಿ ವಾಸವಿದ್ದರೆ ಹೆಸರು ನೋಂದಾಯಿಸಿ ಅಲ್ಲಿನ ಪಾರ್ಲಿಮೆಂಟ್ ಚುನಾವಣೆಗೆ ಮತ ಹಾಕಬಹುದು. ಗುರುತಿಗೆ ಅಂತ ತೋರಿಸಿದ್ದು ನಮ್ಮ ಅಶೋಕ ಸ್ತಂಭದ ಪಾಸ್‌ಪೋರ್ಟು. ಆ ಫೋಟೋ ಫ್ಯಾಮಿಲಿ ಗ್ರೂಪಿಗೆ ಬಂದಾಗ ನಂಗೆ ಸ್ವಲ್ಪ ನಾಚಿಕೆ ಆಯಿತು. ಏಪ್ರಿಲ್ 26ರಂದು ನಮ್ಮ ತುಮಕೂರಿನ ಮತದಾನ ಇತ್ತು. ವೋಟರ್ ಲಿಸ್ಟಿನಲ್ಲಿ ನನ್ನ ಹೆಸರು ಇನ್ನೂ ಊರಲ್ಲೇ ಇದೆ. ಶುಕ್ರವಾರ ರಿಲೀಸ್ ಇದೆ ಅಂತ ನಾನು ಹೋಗಲಿಲ್ಲ. ಅಪ್ಪ ಏನೂ ಅನ್ನಲಿಲ್ಲ. "ಬರ್ತೀಯೇನೋ ಅಂತ ಅಮ್ಮ ಕಾಯ್ತಿದ್ಲು" ಅಂದರು ಅಷ್ಟೆ.

ಬಳೆ ಬಿಡಿಸಿಕೊಟ್ಟಿದ್ದು ಆಗಸ್ಟ್‌ನಲ್ಲಿ.

ನಿಮ್ಮ ಮನೆಯಲ್ಲೂ ಒಬ್ಬ ಪುಟ್ಟಿಯೋ ಪುಟ್ಟನೋ ಇಂಥ ಸುದ್ದಿ ಹೊತ್ತು ಫೋನ್ ಮಾಡಬಹುದು. ಲಂಡನ್ ಇರಬಹುದು, ಬ್ರಸೆಲ್ಸ್ ಇರಬಹುದು, ವಾಷಿಂಗ್ಟನ್ ಇರಬಹುದು. ವೀಸಾ ಒಪ್ಪುತ್ತಾ, ಭತ್ಯೆ ಇದೆಯಾ, ಕಾಲೇಜಿನಿಂದ ಏನಾದರೂ ನೆರವು ಸಿಗುತ್ತಾ ಅಂತ ಖಂಡಿತ ಕೇಳಿ. ಆದರೆ ಅದಕ್ಕೆ ಮುಂಚೆ ಶಭಾಶ್ ಅನ್ನಿ. ಆಮೇಲೆ ಅಮ್ಮ ಕೇಳಿದ ಪ್ರಶ್ನೆ ಕೇಳಿ. ಕೈಲಾದರೆ ಉತ್ತರ ನೀವೇ ಆಗಿ.

ದೀಪಾವಳಿಗೆ ಊರಿಗೆ ಹೋದಾಗ ಪುಟ್ಟಿ ಹೇಳಿದ್ದಳು ಅಂತ ಅಟ್ಟ ಹತ್ತಿ ಅಪ್ಪನ ಹಳೆ ರೆಕ್ಸಿನ್ ಬ್ಯಾಗು ಇಳಿಸಿದೆ. ಒಳಗೆ ಇನ್ನೂರು ಪುಟದ ನಾಲ್ಕು ನೋಟ್‌ಬುಕ್ಕು. ಪ್ರತಿ ಪುಟದಲ್ಲೂ ಸ್ಕೇಲಿನಲ್ಲಿ ಗೆರೆ ಎಳೆದಿದ್ದರು. ಹೆಸರು, ಊರು, ಅರ್ಜಿ ಯಾವುದು, ಯಾವ ಆಫೀಸು, ಮತ್ತೆ ಯಾವತ್ತು ಹೋಗಬೇಕು, ಆಯಿತೋ ಇಲ್ಲವೋ. ನಾನು ಹದಿಮೂರು ವರ್ಷದಿಂದ ಬರೀತಿರೋ ಕೋಡು ಇದೇ. ಕಂಪನಿಗಳ ಗ್ರಾಹಕರ ದೂರು ನೋಡಿಕೊಳ್ಳೋ ಸಾಫ್ಟ್‌ವೇರು: ಟಿಕೆಟ್ ನಂಬರು, ಸ್ಟೇಟಸ್ಸು, ಫಾಲೋಅಪ್ ದಿನಾಂಕ. ಅದಕ್ಕೆ ನಂಗೆ ತಿಂಗಳಿಗೆ ಸಂಬಳ ಬರುತ್ತದೆ.

ಕೊನೆಯ ಕಾಲಂ ಖರ್ಚಿನದು. ಬಸ್ ಚಾರ್ಜು 4 ರೂಪಾಯಿ. ಜೆರಾಕ್ಸ್ 2 ರೂಪಾಯಿ. ಸ್ಟಾಂಪು 1 ರೂಪಾಯಿ. ಒಂದೂ ಬಿಡದೆ ಬರೆದಿದ್ದರು.

ಆ ಅರ್ಜಿದಾರರೆಲ್ಲ ನಮ್ಮ ಮನೆಗೆ ಬರುತ್ತಿದ್ದರು. ದೂರದ ಊರಿನವರಾದರೆ ಉಂಡೇ ಹೋಗುತ್ತಿದ್ದರು. ಅದು ಯಾವ ಕಾಲಂನಲ್ಲೂ ಇರಲಿಲ್ಲ. ನೋಟ್‌ಬುಕ್ ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಅಮ್ಮ ಮುದ್ದೆಗೆ ಎಸರಿಟ್ಟಿದ್ದಳು.

"ಅಮ್ಮ, ಒಟ್ಟು ಎಷ್ಟು ಜನಕ್ಕೆ ಊಟ ಹಾಕಿರಬಹುದು ನೀನು?"

"ಅದರ ಲೆಕ್ಕ ಇಟ್ಟೋರು ಯಾರಪ್ಪ," ಅಂದು ಹಿಟ್ಟು ಸುರಿದಳು.